ಹತ್ತಿಯಲ್ಲಿ ಸುತ್ತಿದ ಅಳಿಲು

ನಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಅಳಿಲುಗಳು ಸತ್ತವು. ಹಾಸಿಗೆ ಅಂಗಡಿಯವರೇ ವಿಷ ಇಟ್ಟಿರಬೇಕು ಎಂದು ಮೊದಲು ಬಾಯಿಬಿಟ್ಟವಳು ನಾನು. ಇದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರದೋ ಬಾಯಲ್ಲಿ ಕೇಳಿ, ಇವಳೇನು ನಮಗೆ ಬುದ್ಧಿ ಹೇಳುವುದು ಎಂದು ನೀವು ಎದ್ದು ಹೋಗಬಾರದು.

ನನ್ನದು ಇಸ್ತ್ರಿ ಅಂಗಡಿ. ಮೇಜು ಬೀದಿಗೆ ಮುಖ ಮಾಡಿದೆ. ಎದುರಿಗೇ ಹಾಸಿಗೆ ಅಂಗಡಿ. ನನ್ನಲ್ಲಿಗೆ ಬರುವವರು ಬರೀ ಬಟ್ಟೆ ಕೊಟ್ಟು ಹೋಗುವುದಿಲ್ಲ, ಜೊತೆಗೆ ಎರಡು ಮಾತನ್ನೂ ಕೊಟ್ಟು ಹೋಗುತ್ತಾರೆ. ಬಟ್ಟೆ ಒಯ್ಯುವಾಗ ನಾಲ್ಕು ಮಾತು ಒಯ್ಯುತ್ತಾರೆ. ಹೀಗಾಗಿ ನಮ್ಮ ಬೀದಿಯಲ್ಲಿ ಸುದ್ದಿ ಹರಡಲು ಬೇರೆ ಏರ್ಪಾಡು ಬೇಕಾಗಿಲ್ಲ.

ಹಾಸಿಗೆ ಅಂಗಡಿಯ ಯಜಮಾನರನ್ನು ನಾವೆಲ್ಲ ಹಾಸಿಗೆಯಣ್ಣ ಅನ್ನುತ್ತೇವೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂಭಾಗದಲ್ಲಿ ಗೋಡೆಯುದ್ದಕ್ಕೂ ಹತ್ತಿಯ ಮೂಟೆಗಳು, ಮಧ್ಯದಲ್ಲಿ ಹತ್ತಿ ಬಿಡಿಸುವ ಯಂತ್ರ, ಮುಂದೆ ನೆಲದ ಮೇಲೆ ಚಾಪೆ. ಆ ಚಾಪೆಯ ಮೇಲೆ ಕುಳಿತು, ಗೇಣುದ್ದದ ದಬ್ಬಳ ಹಿಡಿದು ಅವರು ಹಾಸಿಗೆ ಹೊಲಿಯುವುದನ್ನು ನೋಡಬೇಕು. ಅಳತೆಪಟ್ಟಿ ಮುಟ್ಟುವುದಿಲ್ಲ, ಆದರೂ ಒಂದು ಹೊಲಿಗೆ ಆಚೀಚೆ ಆಗುವುದಿಲ್ಲ. ಕೈ ಅಷ್ಟು ನಯ. ಬಾಯಿ ಮಾತ್ರ ಒರಟು.

ಆ ಒರಟು ಬಾಯಿಗೆ ದಿನವೂ ಕೆಲಸ ಕೊಡುತ್ತಿದ್ದದ್ದು ಅಳಿಲುಗಳು. ಗೋಡೆಯ ಗಾಳಿಕಿಂಡಿಯಿಂದ ಒಳಗೆ ನುಗ್ಗಿ, ಮೂಟೆಗೆ ಬಾಯಿ ಹಾಕಿ, ಕೆನ್ನೆಯುಬ್ಬುವಷ್ಟು ಹತ್ತಿ ತುಂಬಿಕೊಂಡು ಬೀದಿ ಕೊನೆಯ ದೊಡ್ಡ ಮರಕ್ಕೆ ಓಡುತ್ತಿದ್ದವು. ಗೂಡಿಗೆ ಮೆತ್ತೆ ಬೇಕಲ್ಲ. "ನಾನಿಲ್ಲಿ ಹಾಸಿಗೆ ಮಾಡ್ತಿರೋದು ಮನುಷ್ಯರಿಗೋ ಅಳಿಲಿಗೋ ಒಂದೂ ಗೊತ್ತಾಗ್ತಿಲ್ಲ," ಎಂದು ಹಾಸಿಗೆಯಣ್ಣ ಗೊಣಗುತ್ತಿದ್ದರು. ಒಂದು ದಿನ ಪೂರ್ತಿ ಹೊಲಿದು ನಿಲ್ಲಿಸಿದ್ದ ಹಾಸಿಗೆಯ ಮೂಲೆಯನ್ನೇ ಅಳಿಲು ಕಚ್ಚಿ ಹರಿದಿತ್ತು. ಅಂದು ಅವರು ಹಾಸಿಗೆಯ ಗವಸುಗಳನ್ನು ಇಸ್ತ್ರಿಗೆ ತಂದು ನನ್ನ ಮೇಜಿನ ಮೇಲೆ ಒಗೆದು, "ನೋಡ್ತಾ ಇರು, ಒಂದು ದಿನ ವಿಷ ಇಟ್ಟುಬಿಡ್ತೀನಿ," ಎಂದರು.

ಅವರ ಹೆಂಡತಿಯನ್ನು ನಾವು ಅಕ್ಕ ಅನ್ನುತ್ತೇವೆ. ಗಂಡ ಓಡಿಸುತ್ತಿದ್ದ ಅಳಿಲುಗಳನ್ನು ಆಕೆ ತಲೆಯ ಮೇಲೆ ಕೂರಿಸಿಕೊಂಡಿದ್ದರು. ಮೇಲಿನ ಮನೆಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಒಂದು ಮರದ ತಟ್ಟೆ ಹೊಡೆಸಿ, ಬೆಳಿಗ್ಗೆ ಸಂಜೆ ಅದರಲ್ಲಿ ಒಂದು ಹಿಡಿ ಕಡಲೆಕಾಯಿ ಬೀಜ, ಬ್ರೆಡ್ಡಿನ ಅಂಚು ಹಾಕುತ್ತಿದ್ದರು. ಬೀದಿಯ ಅಳಿಲುಗಳೆಲ್ಲ ಅಲ್ಲೇ ಸೇರುತ್ತಿದ್ದವು. ಒಂದಕ್ಕೆ ದೊರೆ ಎಂದು ಹೆಸರು. ಎಲ್ಲ ತಿಂದಾದ ಮೇಲೆ ಬಂದು ಮೂತಿ ತಿರುಗಿಸಿ ಹೋಗುವ ಇನ್ನೊಂದಕ್ಕೆ ಮೇಲ್ಮನೆ ಸೊಸೆ ಎಂದು ಹೆಸರು.

ಮೊದಲ ಅಳಿಲು ಮರದ ಬುಡದಲ್ಲಿ ಸತ್ತು ಬಿದ್ದಿತ್ತು. ಎರಡನೆಯದು ಕಾಂಪೌಂಡ್ ಗೋಡೆಯ ಪಕ್ಕ. ಅವೆರಡನ್ನೂ ಕಸದ ಗಾಡಿಯವರು ಒಯ್ದರು. ಮೂರನೆಯದು ಹಾಸಿಗೆಯಣ್ಣನ ಮನೆಯ ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಬಾಲದ ಬುಡವೆಲ್ಲ ಕೊಳೆಯಾಗಿತ್ತು, ಭೇದಿಯಾದ ಹಾಗೆ. ನಾವು ಯಾರೂ ಆಗ ಅದಕ್ಕೆ ಮಹತ್ವ ಕೊಡಲಿಲ್ಲ. ಅದು ದೊರೆ ಎಂಬುದನ್ನು ಮಾತ್ರ ಅಕ್ಕ ಗುರುತಿಸಿ ಅಲ್ಲೇ ಕುಸಿದು ಕುಳಿತರು.

ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಓಡಿಹೋದೆ. ಸಮಾಧಾನ ಹೇಳಬೇಕಾದ ಹೊತ್ತಿನಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಅಕ್ಕ, ಅಣ್ಣ ಅವತ್ತು ವಿಷ ಇಡ್ತೀನಿ ಅಂದಿದ್ರು," ಎಂದೆ.

ಅಕ್ಕ ತಲೆಯೆತ್ತಿ ಅಂಗಡಿಯ ಕಡೆ ನೋಡಿದರು. ಹಾಸಿಗೆಯಣ್ಣ ಬಾಗಿಲಲ್ಲೇ ನಿಂತಿದ್ದರು.

"ರೀ, ನಿಜ ಹೇಳಿ," ಎಂದರು ಅಕ್ಕ.

"ನೀನೂ ಕೇಳ್ತೀಯಾ?" ಎಂದಷ್ಟೇ ಹೇಳಿ ಅವರು ಒಳಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ಪಾತ್ರೆಗಳ ಸದ್ದು ಹೆಚ್ಚಾಯಿತು, ಮಾತು ಕಡಿಮೆಯಾಯಿತು. ಸುದ್ದಿ ಸಂಜೆಯೊಳಗೆ ಬೀದಿ ದಾಟಿತು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಉಪ್ಪು ಖಾರವೂ ಸೇರಿತು. ಕಡಲೆಕಾಯಿ ಬೀಜಕ್ಕೆ ಇಲಿ ಪಾಷಾಣ ಬೆರೆಸುವುದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ಮೂಲೆಮನೆಯ ನಿವೃತ್ತ ಮೇಷ್ಟ್ರು ಎರಡು ಹಾಸಿಗೆ ಹೇಳಿದ್ದರು. ಮರುದಿನ ಬಂದು, "ವಿಷ ಹಾಕೋ ಕೈ ಹೊಲಿದ ಹಾಸಿಗೆ ಮೇಲೆ ನನಗೆ ನಿದ್ದೆ ಬರಲ್ಲ," ಎಂದು ಹೇಳಿ ಹೋದರು. ಹಾಸಿಗೆಯಣ್ಣ ಅರ್ಧ ಹೊಲಿದಿದ್ದ ಆ ಹಾಸಿಗೆಯನ್ನು ಮಡಚಿ ಮೂಟೆಗಳ ಹಿಂದೆ ಇಟ್ಟರು. ಇಪ್ಪತ್ತಾರು ವರ್ಷ ಕಟ್ಟಿದ ಹೆಸರು ಒಂದು ವಾರದಲ್ಲಿ ಮಣ್ಣುಪಾಲಾಗುತ್ತಿತ್ತು. ನನಗೆ ಆಗ ಅದು ಹೊಳೆಯಲಿಲ್ಲ. ಸತ್ಯ ಹೇಳಿದೆನಲ್ಲ ಎಂದು ಬೀಗುತ್ತಿದ್ದೆ.

ದೊರೆ ಸತ್ತ ದಿನವೇ, ಅದನ್ನು ಹೂಳುವ ಮುಂಚೆ, ಅಕ್ಕನಿಗೆ ಒಂದು ಕರಪತ್ರ ನೆನಪಾಗಿತ್ತು. ಊರಾಚೆಯ ಪ್ರಾಣಿ ರೋಗ ಪರೀಕ್ಷಾ ಕೇಂದ್ರದಿಂದ ಒಬ್ಬ ಹುಡುಗಿ ತಿಂಗಳಿಗೊಮ್ಮೆ ಬಂದು ಮನೆಮನೆಗೂ ಅದನ್ನು ಹಂಚುತ್ತಿದ್ದಳು. "ಸತ್ತ ಅಳಿಲು ಕಂಡರೆ ನಮಗೆ ತಿಳಿಸಿ. ಅದರ ಕರುಳಿನಲ್ಲಿ ವೈರಸ್ ಇದೆಯೇ ಎಂದು ಪರೀಕ್ಷಿಸುತ್ತೇವೆ," ಎಂದು ಅದರಲ್ಲಿ ಬರೆದಿತ್ತು. ಹೆಗಲಿಗೆ ಒಂದು ಡಬ್ಬಿ, ಕೈಯಲ್ಲಿ ಒಂದು ಡಬ್ಬಿ, ಸ್ಕೂಟರಿನ ಹಿಂದೆ ಎರಡು ಡಬ್ಬಿ. ನಾವು ಅವಳಿಗೆ ಡಬ್ಬಿ ಮೇಡಂ ಎಂದೇ ಹೆಸರಿಟ್ಟಿದ್ದೆವು. ಎದುರಿಗೆ ಮೇಡಂ, ಹಿಂದೆ ಡಬ್ಬಿ.

ಅಕ್ಕ ಫೋನ್ ಮಾಡುತ್ತಿದ್ದಂತೆ ಹಾಸಿಗೆಯಣ್ಣ ಗೊಣಗಿದರು. "ಅಳಿಲಿನ ಹೊಟ್ಟೆನೋವು ನೋಡೋಕೆ ಒಂದು ಆಫೀಸು. ನನಗೆ ಹೊಟ್ಟೆನೋವು ಬಂದ್ರೆ ಕೇಳೋರಿಲ್ಲ."

"ಪರೀಕ್ಷೆ ಮಾಡಿಸೋಕೆ ನಿಮಗೇನು ಭಯ?" ಎಂದರು ಅಕ್ಕ, ಫೋನ್ ಕೈಯಲ್ಲೇ ಹಿಡಿದು.

ಆ ಮಾತು ಅವರಿಗೆ ನಾಟಿತು. "ಕೊಡು ಇಲ್ಲಿ," ಎಂದು ಫೋನ್ ಕಿತ್ತುಕೊಂಡರು. "ಹೇಳಮ್ಮ, ಏನು ಮಾಡಬೇಕು? ನಾನೇ ಕಟ್ಟಿಕೊಡ್ತೀನಿ."

"ಬರಿಗೈಲಿ ಮುಟ್ಟಬೇಡಿ ಅಣ್ಣ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಡಬ್ಬದಲ್ಲಿ ಸುತ್ತ ಐಸ್ ಇಟ್ಟು ತಣ್ಣಗಿಡಿ," ಎಂದಳು ಡಬ್ಬಿ ಮೇಡಂ. "ಇವತ್ತು ನಾನು ದೂರದಲ್ಲಿದ್ದೀನಿ. ನಾಳೆ ಬೆಳಿಗ್ಗೆ ನಮ್ಮ ಗಾಡಿ ಬಂದು ತಗೊಂಡು ಹೋಗುತ್ತೆ."

ಅವಳು ಹೇಳಿದಂತೆಯೇ ಅಣ್ಣ ಮಾಡಿದರು. ಆದರೆ ಹೇಳದೆ ಇದ್ದದ್ದನ್ನೂ ಮಾಡಿದರು. ಜೀವಮಾನವಿಡೀ ಬೈದಿದ್ದರೂ, ಆ ಪುಟ್ಟ ಪ್ರಾಣಿಯನ್ನು ಬರೀ ಚೀಲದಲ್ಲಿ ತುಂಬಿ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ಮೂಟೆಯಿಂದ ಒಳ್ಳೆಯ ಹತ್ತಿ ತೆಗೆದು, ಬಿಡಿಸಿ, ಚೀಲದ ಸುತ್ತ ನಾಲ್ಕು ಬೆರಳು ದಪ್ಪ ಸುತ್ತಿದರು. ಮೇಲೆ ಹಳೆಯ ಗವಸಿನ ತುಂಡು ಹಾಕಿ ದಬ್ಬಳದಲ್ಲಿ ಹೊಲಿದರು. ಆಮೇಲೆ ಡಬ್ಬದಲ್ಲಿಟ್ಟು ಸುತ್ತ ಐಸ್ ತುಂಬಿದರು. ನಾನು ನನ್ನ ಮೇಜಿನಿಂದ ಎಲ್ಲವನ್ನೂ ನೋಡಿದೆ. ಅಷ್ಟು ಅಚ್ಚುಕಟ್ಟಾದ ಕಟ್ಟನ್ನು ನಾನು ಕಂಡಿರಲಿಲ್ಲ.

ಒಂದು ವಾರ ಕಳೆದು ಡಬ್ಬಿ ಮೇಡಂ ತಾನೇ ಬಂದಳು. ಅವಳ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಯಿತು. ಕೈಗೆ ಸಿಕ್ಕಿದ ಎರಡು ಗವಸು ಹಿಡಿದು, ಕೊಡುವ ನೆಪದಲ್ಲಿ ನಾನೂ ಒಳಗೆ ಹೋದೆ.

"ಅಣ್ಣ, ಅಳಿಲು ಪೂರ್ತಿ ಕೊಳೆತುಹೋಗಿತ್ತು," ಎಂದಳು. "ಒಂದೊಂದು ಸಲ ಕೊಳೆತಿದ್ರೂ ಏನಾದ್ರೂ ಸಿಗುತ್ತೆ. ಈ ಸಲ ಸಿಗಲಿಲ್ಲ. ವೈರಸ್ ಇತ್ತು ಅಂತಾನೂ ಹೇಳೋಕಾಗಲ್ಲ, ಇರಲಿಲ್ಲ ಅಂತಾನೂ ಹೇಳೋಕಾಗಲ್ಲ. ವಿಷದ ವಿಷಯಾನೂ ಅಷ್ಟೇ."

"ಅಷ್ಟೊಂದು ಐಸ್ ಇಟ್ಟಿದ್ದೆನಲ್ಲಮ್ಮ."

"ಹೌದು. ಐಸ್ ಇನ್ನೂ ಅರ್ಧ ಹಾಗೇ ಇತ್ತು. ಅಣ್ಣ, ಒಂದು ಮಾತು ಕೇಳ್ತೀನಿ. ಹತ್ತಿ ಏನು ಕೆಲಸ ಮಾಡುತ್ತೆ?"

"ಬೆಚ್ಚಗಿಡುತ್ತೆ."

"ಹೊರಗಿನ ಚಳೀನ ಒಳಗೆ ಬಿಡುತ್ತಾ?"

"ಬೇರೆಯವರ ಹತ್ತಿ ಬಿಡಬಹುದು. ನನ್ನದು ಬಿಡಲ್ಲ," ಎಂದರು ಹಾಸಿಗೆಯಣ್ಣ ಹೆಮ್ಮೆಯಿಂದ. ಹೇಳಿದ ಮರುಕ್ಷಣ ಅವರ ಮುಖ ಇಳಿದುಹೋಯಿತು. ಕೈಯಲ್ಲಿದ್ದ ದಬ್ಬಳವನ್ನು ಚಾಪೆಗೆ ಚುಚ್ಚಿದರು.

ಡಬ್ಬಿ ಮೇಡಂ ಮೆಲ್ಲಗೆ ವಿವರಿಸಿದಳು. ಕರುಳಿನ ಒಂದು ಚೂರನ್ನೋ ಹಿಕ್ಕೆಯನ್ನೋ ತೆಗೆದುಕೊಂಡು, ಅದರೊಳಗೆ ವೈರಸ್ಸಿನ ಗುರುತಿನ ಎಳೆ ಇದೆಯೇ ಎಂದು ಹುಡುಕುತ್ತಾರಂತೆ. ಆ ಎಳೆ ಕಣ್ಣಿಗೆ ಕಾಣುವುದಿಲ್ಲ. ಒಂದಿಷ್ಟೇ ಇಷ್ಟು ಇದ್ದರೂ ಒಂದು ಯಂತ್ರ ಅದನ್ನು ನಕಲು ಮಾಡುತ್ತ ಮಾಡುತ್ತ ಲಕ್ಷಗಟ್ಟಲೆ ಮಾಡುತ್ತದೆ, ಆಗ ಪತ್ತೆಯಾಗುತ್ತದೆ. ಆದರೆ ದೇಹ ಬೆಚ್ಚಗಿದ್ದು ಕೊಳೆತರೆ ಎಳೆ ತುಂಡುತುಂಡಾಗುತ್ತದೆ. ತುಂಡಾದ ಮೇಲೆ ಯಂತ್ರಕ್ಕೆ ನಕಲು ಮಾಡಲು ಏನೂ ಉಳಿಯುವುದಿಲ್ಲ.

"ತಪ್ಪು ನನ್ನದೂ ಇದೆ," ಎಂದಳು. "ಚೀಲಕ್ಕೂ ಐಸಿಗೂ ಮಧ್ಯ ಏನೂ ಇಡಬೇಡಿ ಅಂತ ಫೋನಲ್ಲೇ ಹೇಳಬೇಕಿತ್ತು. ಇದುವರೆಗೆ ಯಾರೂ ಹತ್ತಿ ಸುತ್ತಿರಲಿಲ್ಲ."

ಬೀದಿ ಇದನ್ನು ನಂಬುತ್ತದೆಯೇ? ಹತ್ತಿಯ ಒಳಹೊರಗು ತಿಳಿದವರು ಬೇಕೆಂದೇ ಕೊಳೆಸಿದ್ದಾರೆ ಎಂಬ ಮಾತು ಹುಟ್ಟಿತು. ಈ ಸಲ ಮೊದಲು ಹೇಳಿದವಳು ನಾನಲ್ಲ. ಆದರೆ ಯಾರೋ ಬಂದು ಕೇಳಿದಾಗ, "ಅಂಥ ಕೈಗೆ ಲೆಕ್ಕ ತಪ್ಪುತ್ತಾ?" ಎಂದು ಒಂದು ಮಾತು ಸೇರಿಸಿದೆ. ಬೆಂಕಿಗೆ ಅಷ್ಟು ಎಣ್ಣೆ ಸಾಕಾಗಿತ್ತು.

ಇದಾಗಿ ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಮೊದಲ ಅಂಗಿ ಹರಡಿ ನೀರು ಚಿಮುಕಿಸುತ್ತಿದ್ದೆ. ಎದುರಿಗೆ ಹಾಸಿಗೆಯಣ್ಣ ಅಂಗಡಿಯ ಶಟರ್ ಎತ್ತಿ ಒಳಗೆ ಹೋದರು. ಒಂದು ಮೂಟೆಯ ಬಾಯಿ ಬಿಚ್ಚಿದವರು ಹಾಗೇ ನಿಂತುಬಿಟ್ಟರು. ಬಗ್ಗಿ ನೋಡಿದರು. ಆಮೇಲೆ ಬಾಗಿಲಿಗೆ ಬಂದು ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ನಾನು ಅವರನ್ನೇ ನೋಡುತ್ತ ನಿಂತೆ. ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆಯೇ ಉಳಿದು ಕಾಲರ್ ಸುಟ್ಟಿತು.

ಅವರು ಬೀದಿ ದಾಟಿ ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ನೀನು ನೋಡ್ತಿದ್ದೀಯ ಅಂತ ಗೊತ್ತು," ಎಂದರು. "ದೂರದಿಂದ ಯಾಕೆ? ಬಾ, ಹತ್ತಿರದಿಂದ ನೋಡು."

ಅವರ ಹಿಂದೆ ಹೋದೆ. ಮೂಟೆಯಲ್ಲಿ ಹತ್ತಿಯ ಮಧ್ಯೆ ಗುಳಿ ಮಾಡಿಕೊಂಡು ಒಂದು ಅಳಿಲು ಸತ್ತು ಮಲಗಿತ್ತು. ಮೇಲ್ಮನೆ ಸೊಸೆ. ಕಾಯಿಲೆ ಬಿದ್ದು, ಬೆಚ್ಚಗಿರುತ್ತದೆ ಎಂದು ಒಳಗೆ ಬಂದಿರಬೇಕು.

"ಇದನ್ನ ಮುಚ್ಚಿಹಾಕೋಕೆ ನನಗೆ ಎರಡು ನಿಮಿಷ ಸಾಕಿತ್ತು," ಎಂದರು ಹಾಸಿಗೆಯಣ್ಣ. "ನನ್ನ ಅಂಗಡೀಲೇ ಸತ್ತಿದೆ. ಬೀದಿಗೆ ಇನ್ನೇನು ಸಾಕ್ಷಿ ಬೇಕು? ಆದರೆ ಮುಚ್ಚಿಹಾಕಿದ್ರೆ ಸಾಯೋವರೆಗೂ ನಾನು ಅಳಿಲಿಗೆ ವಿಷ ಇಟ್ಟವನೇ. ಅವಳು ಸಾಯೋವರೆಗೂ ನನಗೆ ಊಟ ಬಡಿಸ್ತಾಳೆ, ಮಾತಾಡಲ್ಲ." ಮೇಲೆ ನೋಡಿ ಕೂಗಿದರು. "ಲೇ, ಬಾ ಇಲ್ಲಿ. ನಿನ್ನ ಸೊಸೆ ಹೋಗಿಬಿಟ್ಟಿದ್ದಾಳೆ."

ಅಕ್ಕ ಇಳಿದು ಬಂದರು, ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಏನೂ ಕೇಳಲಿಲ್ಲ. ಗಂಡನ ಮುಖವನ್ನೇ ಬಹಳ ಹೊತ್ತು ನೋಡುತ್ತಿದ್ದರು. ಅಣ್ಣ ಆಗಲೇ ಫೋನ್ ಮಾಡುತ್ತಿದ್ದರು.

ಡಬ್ಬಿ ಮೇಡಂ ಈ ಸಲ ಹತ್ತಿರದಲ್ಲೇ ಇದ್ದಳು. ಬರುವ ತನಕ ಏನು ಮಾಡಬೇಕೆಂದು ಫೋನಿನಲ್ಲೇ ಹೇಳಿದಳು. ಅಣ್ಣ ಪ್ಲಾಸ್ಟಿಕ್ ಚೀಲವನ್ನು ಕೈಗವಸಿನ ಹಾಗೆ ಕೈಗೆ ಹಾಕಿಕೊಂಡು, ಅದರ ಮೇಲಿನಿಂದಲೇ ಅಳಿಲನ್ನು ಹಿಡಿದು, ಚೀಲವನ್ನು ಅದರ ಮೇಲೆ ಮಗುಚಿದರು. ಅಳಿಲು ಒಳಗೆ, ಕೈ ಹೊರಗೆ. ಬಾಯಿ ಕಟ್ಟಿ ಇನ್ನೊಂದು ಚೀಲದೊಳಗೆ ಹಾಕಿದರು. ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಗಂಟೆ ಎಂದು ಚೀಟಿ ಬರೆದು ಅಂಟಿಸಿದವಳು ನಾನು. ಅಕ್ಕ ಐಸ್ ತಂದರು. ಅಡುಗೆಮನೆಯ ಫ್ರಿಜ್ಜಿನೊಳಗೆ ಮಾತ್ರ ಇಡಬೇಡಿ ಎಂದು ಮೇಡಂ ಎರಡು ಸಲ ಹೇಳಿದ್ದಳು. ಹಳೆಯ ಬಕೆಟ್ಟಿನಲ್ಲಿ ಐಸ್, ಐಸಿನ ನಡುವೆ ಚೀಲ, ಮಧ್ಯದಲ್ಲಿ ಏನೂ ಇಲ್ಲ. ಅಳಿಲು ಮಲಗಿದ್ದ ಮೂಟೆಯನ್ನು ಅಣ್ಣ ಬಾಯಿ ಕಟ್ಟಿ ಅಂಗಡಿಯಾಚೆ ತೆಗೆದಿಟ್ಟರು. ಆ ಹತ್ತಿ ಯಾವ ಹಾಸಿಗೆಗೂ ಹೋಗಲಿಲ್ಲ. ಆಮೇಲೆ ಮೂವರೂ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದೆವು.

ಮುಕ್ಕಾಲು ಗಂಟೆಯಲ್ಲಿ ಸ್ಕೂಟರ್ ಬಂತು. ಡಬ್ಬಿ ಮೇಡಂ ಬಕೆಟ್ಟಿನೊಳಗೆ ಕೈಯಿಟ್ಟು ಚೀಲ ಮುಟ್ಟಿ ನೋಡಿ, "ಒಳ್ಳೇ ತಣ್ಣಗಿದೆ ಅಣ್ಣ," ಎಂದಳು. ಮೇಷ್ಟ್ರು ವಿದ್ಯಾರ್ಥಿಗೆ ಶಹಬಾಸ್ ಕೊಟ್ಟಂತಿತ್ತು. ಅಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ನಗು ಕಂಡಿತು.

ಹೊರಡುವ ಮುಂಚೆ ಮೆಟ್ಟಿಲ ತಿರುವಿನ ತಟ್ಟೆ ಅವಳ ಕಣ್ಣಿಗೆ ಬಿತ್ತು. "ಇದನ್ನ ಎಷ್ಟು ದಿನಕ್ಕೊಂದ್ಸಲ ತೊಳೀತೀರ ಅಕ್ಕ?"

ಅಕ್ಕ ಸಂಕೋಚಪಟ್ಟರು. "ತೊಳೆಯೋದೇ ಇಲ್ಲಮ್ಮ. ಸೋಪಿನ ವಾಸನೆ ಬಂದ್ರೆ ಅವು ಹತ್ತಿರ ಬರಲ್ವಲ್ಲ ಅಂತ." ಅಷ್ಟು ಹೇಳಿದವರೇ ನಾಚಿಕೆಯಿಂದ ಒಳಗೆ ಓಡಿ, ಒಂದು ಕೈಯಲ್ಲಿ ನೀರು, ಒಂದು ಕೈಯಲ್ಲಿ ಬ್ರಶ್ ಹಿಡಿದು ಬಂದರು.

"ತಡೀರಿ ಅಕ್ಕ," ಎಂದು ಮೇಡಂ ಅಡ್ಡ ನಿಂತಳು. "ತೊಳೆಯೋದು ಒಳ್ಳೇದೇ. ಆದರೆ ಮೊದಲು ಮಾದರಿ, ಆಮೇಲೆ ನೀರು. ನೀವು ತೊಳೆದುಬಿಟ್ರೆ ನನಗೆ ಬೇಕಾದ್ದೂ ಮೋರಿಗೆ ಹೋಗುತ್ತೆ." ಕೈಗವಸು ಹಾಕಿಕೊಂಡು, ತಟ್ಟೆಯ ಮೂಲೆಗಳಿಂದ ಹೊಸ ಹಿಕ್ಕೆಗಳನ್ನು ಕಡ್ಡಿಯಿಂದ ಆರಿಸಿ ಆರು ಪುಟ್ಟ ಡಬ್ಬಿಗಳಲ್ಲಿ ತುಂಬಿದಳು. ಆ ಹೊತ್ತಿಗೆ ಬೀದಿಯ ಅರ್ಧ ಜನ ಬಂದು ನಿಂತಿದ್ದರು. ಹಿಕ್ಕೆಯನ್ನು ಇಷ್ಟು ಮರ್ಯಾದೆಯಿಂದ ಎತ್ತುವುದನ್ನು ನಾವು ಯಾರೂ ನೋಡಿರಲಿಲ್ಲ.

ಎಂಟನೆಯ ದಿನ ಅವಳು ಒಂದು ಕಾಗದ ಹಿಡಿದು ಬಂದಳು. ಹಾಸಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಷ್ಟ್ರು ಬಾಗಿಲ ಬಳಿ ಕೊಡೆ ಊರಿ ನಿಂತಿದ್ದರು. ಹಾಸಿಗೆಯಣ್ಣ ಚಾಪೆಯ ಮೇಲೆ ಕುಳಿತೇ ಇದ್ದರು. ಹೊಲಿಯುತ್ತಿರಲಿಲ್ಲ.

"ವಿಷ ಸಿಕ್ಕಿಲ್ಲ," ಎಂದಳು ಡಬ್ಬಿ ಮೇಡಂ. "ಹೊಟ್ಟೆಯಲ್ಲೂ ಇಲ್ಲ, ಲಿವರ್‌ನಲ್ಲೂ ಇಲ್ಲ. ಕರುಳು ಊದಿಕೊಂಡಿತ್ತು. ಅದರೊಳಗೆ ವೈರಸ್ ಪತ್ತೆಯಾಗಿದೆ, ತುಂಬಾನೇ ಇತ್ತು. ಇದು ಸತ್ತಿದ್ದು ಕರುಳಿನ ಕಾಯಿಲೆಯಿಂದ. ಉಳಿದ ಮೂರನ್ನ ನಾವು ನೋಡೋಕಾಗಲಿಲ್ಲ, ಅದಕ್ಕೇ ಖಚಿತವಾಗಿ ಹೇಳಲ್ಲ. ಆದರೆ ಅವುಗಳದ್ದೂ ಇದೇ ಕತೆ ಅಂತ ಅನ್ನಿಸುತ್ತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹಾಸಿಗೆಯಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡು ನೆಲ ನೋಡುತ್ತ ಕುಳಿತರು. ನನಗೆ ಆ ನೆಲ ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

"ಆ ಆರು ಡಬ್ಬಿ?" ಎಂದು ಅಕ್ಕ ಕೇಳಿದರು.

"ಎರಡರಲ್ಲಿ ಅದೇ ವೈರಸ್ ಇದೆ ಅಕ್ಕ. ಆ ಅಳಿಲುಗಳು ಇನ್ನೂ ಆರೋಗ್ಯವಾಗೇ ಓಡಾಡ್ತಿರಬಹುದು. ಕೆಲವಕ್ಕೆ ಒಳಗಿದ್ರೂ ಏನೂ ಆಗಲ್ಲ. ಕೆಲವು ಸೊರಗಿ ಭೇದಿಯಾಗಿ ಸಾಯ್ತವೆ. ನೋಡಿದರೆ ಗೊತ್ತಾಗಲ್ಲ, ಅದಕ್ಕೇ ಪರೀಕ್ಷೆ ಬೇಕು."

"ಹಾಗಾದ್ರೆ ಅದು ಹರಡಿದ್ದು ನನ್ನ ತಟ್ಟೆಯಿಂದಾನಾ?"

ಮೇಡಂ ಕಾಗದ ಮಡಚಿದಳು. ಸುಳ್ಳು ಹೇಳುವವಳಲ್ಲ ಅವಳು. "ವೈರಸ್ ತಂದಿದ್ದು ನೀವಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ. ಆದರೆ ಕಾಡಲ್ಲಿ ಅವು ಒಂದೊಂದು ಕಡೆ ತಿನ್ನುತ್ತವೆ. ಇಲ್ಲಿ ಎಲ್ಲಾ ಒಂದೇ ತಟ್ಟೆಯಲ್ಲಿ ತಿಂದು, ಅಲ್ಲೇ ಹಿಕ್ಕೆ ಹಾಕಿ, ಮತ್ತೆ ಅಲ್ಲೇ ತಿಂದಿವೆ. ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಅದು ದಾರಿ ಆಗಿರಬಹುದು."

ಅಂಗಡಿ ತುಂಬ ನಿಂತಿದ್ದವರ ತಲೆಗಳೆಲ್ಲ ಒಟ್ಟಿಗೆ ಅಕ್ಕನ ಕಡೆ ತಿರುಗಿದವು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹೆಚ್ಚುಕಡಿಮೆ ಒಂದು ತಿಂಗಳು ಅದೇ ನೋಟ ಹಾಸಿಗೆಯಣ್ಣನ ಮೇಲಿತ್ತು. ನನ್ನ ನಾಲಿಗೆಯ ತುದಿಗೂ ಒಂದು ಮಾತು ಬಂದು ಕುಳಿತಿತ್ತು. ಅಕ್ಕನ ಮುಖ ಬಿಳಿಚಿಕೊಂಡಿತು. ಇಷ್ಟು ಪ್ರೀತಿಯಿಂದ ಹಾಕಿದ ಕಾಳೇ ಕಂಟಕವಾಯಿತಲ್ಲ ಎಂದು ಆಕೆ ಗೋಡೆಗೆ ಒರಗಿದರು.

ಹಾಸಿಗೆಯಣ್ಣ ಎದ್ದು ನಿಂತರು. ಒರಟು ಬಾಯಿಯ ಆ ಮನುಷ್ಯ ಅಂದು ದನಿ ಏರಿಸಲೇ ಇಲ್ಲ.

"ಯಾರೂ ಅವಳ ಕಡೆ ಹಾಗೆ ನೋಡಬೇಡಿ," ಎಂದರು. "ಇಷ್ಟು ದಿನ ನನ್ನ ಕಡೆ ನೋಡಿದ್ದೀರಿ. ಹೇಗಿರುತ್ತೆ ಅಂತ ನನಗೆ ಗೊತ್ತು. ನಾನು ಹತ್ತಿ ಸುತ್ತಿ ಕೆಡಿಸಿದೆ, ಅವಳು ತೊಳೆಯದೆ ಕೆಡಿಸಿದಳು. ಇಬ್ಬರೂ ಗೊತ್ತಿಲ್ಲದೆ ಮಾಡಿದ್ವಿ. ಈಗ ಗೊತ್ತಾಯ್ತು. ಮುಂದೇನು ಮಾಡಬೇಕು ಹೇಳಮ್ಮ."

"ನಾನೂ ಹಾಗೇ ನೋಡಿದ್ದೆ ರೀ ನಿಮ್ಮನ್ನ," ಎಂದರು ಅಕ್ಕ ಸಣ್ಣ ದನಿಯಲ್ಲಿ.

"ಗೊತ್ತು ಕಣೇ. ಬಿಡು."

ಅಷ್ಟೇ ಮಾತು. ಆದರೆ ನನ್ನ ಕಣ್ಣು ತುಂಬಿ ಬಂತು. ನಾಲಿಗೆಯ ತುದಿಯಲ್ಲಿದ್ದದ್ದನ್ನು ನುಂಗಿಕೊಂಡೆ. ನನ್ನ ಜನ್ಮದಲ್ಲಿ ನಾನು ಮಾತು ನುಂಗಿದ್ದು ಅದೇ ಮೊದಲು ಎಂದು ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಅಂದೇ ಎಲ್ಲರ ಮುಂದೆ ಹೇಳಿದೆ. "ಅಣ್ಣ, ವಿಷದ ಮಾತು ಮೊದಲು ಎತ್ತಿದವಳು ನಾನು. ತಪ್ಪಾಯ್ತು."

"ಅದೂ ಗೊತ್ತು," ಎಂದರು ಅವರು. "ನನ್ನ ಗವಸು ಇಸ್ತ್ರಿ ಮಾಡುವಾಗ ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು."

ಆಮೇಲೆ ಮೇಡಂ ಹೇಳಿದಂತೆ ಅಕ್ಕ ತಟ್ಟೆಯನ್ನು ಇಳಿಸಿ, ಕೈಗವಸು ಹಾಕಿ, ಬಿಸಿನೀರು ಸೋಪಿನಿಂದ ಉಜ್ಜಿ, ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನಲ್ಲಿ ನೆನೆಸಿ, ಮತ್ತೆ ತೊಳೆದು ಬಿಸಿಲಿಗಿಟ್ಟರು. ಆರು ವಾರ ಕಾಳು ಹಾಕುವುದನ್ನೇ ನಿಲ್ಲಿಸಿದರು. ಆ ಆರು ವಾರ ಅವರಿಗೆ ಆರು ವರ್ಷದ ಹಾಗಿತ್ತು. ಅಳಿಲುಗಳು ಬಂದು ಖಾಲಿ ಗೋಡೆ ನೋಡಿ ಹೋಗುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಹಸಿವಾಗುತ್ತಲ್ಲಮ್ಮ ಅವಕ್ಕೆ," ಎಂದರೆ ಮೇಡಂ, "ಮರ ಇದೆ ಅಕ್ಕ. ನೀವು ಹುಟ್ಟೋಕೆ ಮುಂಚೆಯಿಂದ ಅವು ಅಲ್ಲೇ ತಿಂದುಕೊಂಡಿದ್ವು," ಎಂದು ನಗುತ್ತಿದ್ದಳು.

ನಮಗೂ ಭಯವಿತ್ತು. ಈ ವೈರಸ್ ನಮಗೆ ಅಂಟುತ್ತದೆಯೇ ಎಂದು ನಾನು ಕೇಳಿದೆ. ಅಳಿಲಿನಲ್ಲಿ ಸಿಕ್ಕಿರುವ ಇದು ಮನುಷ್ಯರಿಗೆ ಬಂದದ್ದನ್ನು ತಮ್ಮ ಕೇಂದ್ರದಲ್ಲಿ ಯಾರೂ ಕಂಡಿಲ್ಲ, ಆದರೆ ಕಾಡುಪ್ರಾಣಿಯ ಹಿಕ್ಕೆಯಲ್ಲಿ ಬೇರೆ ರೋಗಾಣುಗಳೂ ಇರಬಹುದು, ಆದ್ದರಿಂದ ಮುಟ್ಟದಿರುವುದು, ಮುಟ್ಟಿದರೆ ಸೋಪಿನಿಂದ ಕೈ ತೊಳೆಯುವುದು ಬಿಡಬಾರದು ಎಂದಳು. ಹಾಸಿಗೆಯಣ್ಣ ಗಾಳಿಕಿಂಡಿಗೆ ಜಾಲರಿ ಬಡಿಸಿದರು. ಇಪ್ಪತ್ತಾರು ವರ್ಷದಲ್ಲಿ ಈ ಉಪಾಯ ಹೊಳೆಯಲಿಲ್ಲವೇ ಎಂದು ಅಕ್ಕ ಕೇಳಿದ್ದಕ್ಕೆ, "ಆಗ ಬೈಯೋಕೆ ಯಾರಾದ್ರೂ ಬೇಕಿತ್ತಲ್ಲ," ಎಂದರು.

ಈಗ ಅಕ್ಕ ವಾರದಲ್ಲಿ ಎರಡು ದಿನ ಮಾತ್ರ, ಸ್ವಲ್ಪವೇ ಕಾಳನ್ನು ನಾಲ್ಕು ಕಡೆ ಚೆಲ್ಲುತ್ತಾರೆ. ಮಿಕ್ಕಿದ್ದನ್ನು ಸಂಜೆಗೆ ಗುಡಿಸಿ ತೆಗೆಯುತ್ತಾರೆ. ತಿಂಗಳಿಗೊಮ್ಮೆ ಕೈಗವಸು ತೊಟ್ಟು ತಾವೇ ಹಿಕ್ಕೆ ಆರಿಸಿ ಡಬ್ಬಿಯಲ್ಲಿ ತುಂಬಿ ಚೀಟಿ ಅಂಟಿಸಿಡುತ್ತಾರೆ. ಕಳೆದ ಎರಡು ತಿಂಗಳ ಡಬ್ಬಿಗಳಲ್ಲಿ ವೈರಸ್ ಸಿಕ್ಕಿಲ್ಲ. ಮತ್ತೆ ಬರಬಹುದು, ಬರದೆಯೂ ಇರಬಹುದು, ನೋಡುತ್ತಲೇ ಇರಬೇಕು ಎನ್ನುತ್ತಾಳೆ ಮೇಡಂ. ಮೇಷ್ಟ್ರು ಮತ್ತೆ ಬಂದು, ಎರಡಲ್ಲ, ಮೂರು ಹಾಸಿಗೆ ಹೇಳಿ ಹೋದರು. ಮೂರನೆಯದು ಯಾರಿಗೆ ಎಂದು ಕೇಳಿದರೆ ಕೊಡೆ ಬಿಚ್ಚಿಕೊಂಡು ನಡೆದರು. ಒಂಟಿ ಮನುಷ್ಯ, ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಹಾಸಿಗೆ ಹೇಳಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಅಳಿಲುಗಳಿರುತ್ತವೆ. ಕಾಳು ಹಾಕುವವರಿದ್ದರೆ ಒಂದೇ ಕಡೆ ರಾಶಿ ಹಾಕಬೇಡಿ, ಹಾಕಿದ ಜಾಗ ತೊಳೆಯಿರಿ, ನಿಮ್ಮ ಕೈಯನ್ನೂ ತೊಳೆಯಿರಿ. ಅಳಿಲು ಸೊರಗಿ ಕುಳಿತಿದ್ದರೆ, ಸತ್ತು ಬಿದ್ದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಸದ ಗಾಡಿಗೆ ಹಾಕುವ ಮುಂಚೆ ಹತ್ತಿರದ ಪ್ರಾಣಿ ಆರೋಗ್ಯದವರಿಗೆ ಒಂದು ಫೋನ್ ಮಾಡಿ. ಅವರು ಕೇಳಿದರೆ ಎರಡು ಚೀಲದಲ್ಲಿ ಕಟ್ಟಿ, ಐಸಿಗೆ ತಾಗಿಸಿ ಇಡಿ. ತಣ್ಣಗಿದ್ದಷ್ಟೂ ಹೊತ್ತು ಆ ಪುಟ್ಟ ದೇಹ ಸತ್ಯ ಹೇಳಬಲ್ಲದು.

ಆ ಸತ್ಯ ಬರುವವರೆಗೆ ಯಾರ ಮನೆಯ ಕಡೆಯೂ ಬೆರಳು ತೋರಿಸಬೇಡಿ. ಅಳಿಲು ಏಕೆ ಸತ್ತಿತು ಎಂದು ಅದರ ಕರುಳು ಹೇಳಲಿ, ನಾವು ಹೇಳುವುದು ಬೇಡ.